ಇಸಿಲದಿಂದ ತಾಮ್ರಪರ್ಣಿಗೆ: ಒಂದು ಮಾರ್ಗನಕ್ಷೆಯ ವಿಮರ್ಶೆ

೧

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿಗೆ ಸೇರಿದ ಬ್ರಹ್ಮಗಿರಿಯ ಹೆಸರು ಕರ್ನಾಟಕದ ಇತಿಹಾಸವನ್ನು ಓದುವವರಿಗೆಲ್ಲ ಪರಿಚಿತವಾದುದು. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರು ನೆರೆಹೊರೆಯ ಸ್ಥಳಗಳಲ್ಲಿ ಅಶೋಕನ ಕಿರು ಶಿಲಾಶಾಸನಗಳನ್ನು ಬೆಳಕಿಗೆ ತಂದಂದಿನಿಂದ ಈ ಬೆಟ್ಟದ ಬುಡವು ವಿದ್ವಾಂಸರಿಗೆ ಯಾತ್ರಾಸ್ಥಳವೇ ಆಗಿದೆ. ಇದುವರೆಗೆ ದೊರೆತಿರುವ ಅಶೋಕನ ಶಾಸನಗಳಲ್ಲಿ ಇವು ಮೂರೂ ದಕ್ಷಿಣದ ತುದಿಯವು ಎಂಬುದೂ ಸರ್ವವಿದಿತ.

ಪ್ರಕೃತ ಲೇಖನಕ್ಕೆ ನಿಮಿತ್ತವಾದುದು ಶಾಸನವಲ್ಲ, ಒಂದು ಪ್ರವಾಸದ ಯೋಜನೆ. ನಮ್ಮ ತರಗತಿಯ ಕೆಲವು ವಿದ್ಯಾರ್ಥಿಗಳು ಬ್ರಹ್ಮಗಿರಿಯಿಂದ ಹೊರಟು, ರಸ್ತೆಯ ಮೂಲಕ ತಮಿಳುನಾಡಿನ ಕಡಲತೀರವನ್ನು ಸೇರಿ, ಹಡಗಿನಲ್ಲಿ ಸಮುದ್ರವನ್ನು ದಾಟಿ, ಶ್ರೀಲಂಕೆಯ ಅನುರಾಧಪುರವನ್ನು ಮುಟ್ಟುವ ಒಂದು ಅಧ್ಯಯನಪ್ರವಾಸವನ್ನು ಸೂಚಿಸಿದರು. ಅದಕ್ಕೆ ‘ಅಶೋಕನ ಹಾದಿ’ ಎಂದು ಹೆಸರಿಟ್ಟು ಒಂದು ನಕ್ಷೆಯನ್ನೂ ಬರೆದು ತಂದರು. ಪಾಟಲಿಪುತ್ರದಿಂದ ಹೊರಟ ಕೆಂಪುಗೆರೆಯೊಂದು ಉಜ್ಜಯಿನಿ, ಸುವರ್ಣಗಿರಿ, ಇಸಿಲಗಳನ್ನು ಹಾದು ರಾಮೇಶ್ವರಕ್ಕೆ ಇಳಿದು, ಅಲ್ಲಿಂದ ಒಂದೇ ನೆಗೆತಕ್ಕೆ ಅನುರಾಧಪುರವನ್ನು ಸೇರಿತ್ತು. ಇಸಿಲವೆಂದರೆ ಬ್ರಹ್ಮಗಿರಿಯ ಬುಡದಲ್ಲಿದ್ದ ಪ್ರಾಚೀನ ಪಟ್ಟಣ.

ಆ ಗೆರೆ ನನಗೆ ಹೊಸದಾಗಿರಲಿಲ್ಲ. ಹಲವು ವರ್ಷಗಳಿಂದ ಅದನ್ನು ಕರಿಹಲಗೆಯ ಮೇಲೆ ಎಳೆದು ತೋರಿಸುತ್ತಿದ್ದವನು ನಾನೇ. ನಕ್ಷೆಯನ್ನು ತರಗತಿಯಲ್ಲಿ ಹರಡಿ ನೋಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಕೆಂಪುಗೆರೆ ತುಂಗಭದ್ರೆಯನ್ನು ಕತ್ತರಿಸುವ ಎಡೆಯಲ್ಲಿ ಬೆರಳಿಟ್ಟು, “ಸಾರ್, ಇಲ್ಲಿ ಅವರು ನೀರನ್ನು ದಾಟಿದ್ದು ಹೇಗೆ?” ಎಂದು ಕೇಳಿದಳು. ಸಮುದ್ರದ ವಿಷಯವಾಗಿಯೂ ಇದೇ ಪ್ರಶ್ನೆಯನ್ನು ಕೇಳಬಹುದಾಗಿತ್ತು. ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದೆಯೇ ಅಷ್ಟು ವರ್ಷ ಆ ಗೆರೆಯನ್ನು ಎಳೆದಿದ್ದೆನಲ್ಲ ಎಂಬ ಸಂಕೋಚವೇ ಈ ಪರಾಮರ್ಶೆಗೆ ಪ್ರೇರಣೆ.

ಮಾರ್ಗವೆಂಬುದು ಶಾಸನಗಳು ಸಿಕ್ಕಿದ ಸ್ಥಳಗಳನ್ನು ಕೂಡಿಸಿದ ಗೆರೆಯಲ್ಲ. ನೆಲದ ಮೇಲೆ ಹಾದಿ ಹಲವು ಬಗೆಯಾಗಿ ಕವಲೊಡೆಯಬಹುದು; ನೀರಿನ ಬಳಿಗೆ ಬಂದಾಗ ಮಾತ್ರ ಪ್ರಯಾಣಿಕನು ಒಂದು ನಿರ್ದಿಷ್ಟ ಎಡೆಯಲ್ಲಿ, ನಿರ್ದಿಷ್ಟ ಋತುವಿನಲ್ಲಿ, ನಿರ್ದಿಷ್ಟ ಸಾಧನದಿಂದ ದಾಟಲೇಬೇಕು. ಆದಕಾರಣ ಯಾವುದೇ ಮಾರ್ಗಕಲ್ಪನೆಯನ್ನು ಪರೀಕ್ಷಿಸಬೇಕಾದರೆ ಅದರ ದಾಟುಗಳನ್ನು ಮೊದಲು ಪರೀಕ್ಷಿಸುವುದು ಲೇಸು. ಈ ಒರೆಗಲ್ಲಿಗೆ ‘ಅಶೋಕನ ಹಾದಿ’ಯನ್ನು ತಿಕ್ಕಿ ನೋಡುವುದೇ ಇಲ್ಲಿನ ಉದ್ದೇಶ.

೨

ಮೊದಲು ಬಂಡೆ ಹೇಳುವುದನ್ನೇ ಕೇಳೋಣ. ಸ್ಥಳೀಯರು ‘ಅಕ್ಷರಗುಂಡು’ ಎಂದು ಕರೆಯುವ ಬ್ರಹ್ಮಗಿರಿಯ ಬಂಡೆಯ ಮೇಲಿರುವುದು ಒಂದು ರೀತಿಯಲ್ಲಿ ಪತ್ರವೇ ಸರಿ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಅಲ್ಲಿನ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ ಅದು. ಆಜ್ಞೆಗೆ ಮುನ್ನ ಇಸಿಲದವರ ಆರೋಗ್ಯವನ್ನು ವಿಚಾರಿಸುವ ಸೌಜನ್ಯವೂ ಇದೆ. ಉತ್ತರದ ರೂಪನಾಥ, ಸಹಸ್ರಾಮ ಮೊದಲಾದ ಕಡೆಗಳ ಪ್ರತಿಗಳಲ್ಲಿ ಈ ಪೀಠಿಕೆಯಿಲ್ಲ. ಎಂದಮೇಲೆ ಪಾಟಲಿಪುತ್ರದ ಮಾತು ನೇರವಾಗಿ ಇಸಿಲಕ್ಕೆ ಬಂದುದಲ್ಲ. ಸುವರ್ಣಗಿರಿಯಲ್ಲಿ ತಂಗಿ, ಅಲ್ಲಿನ ಅಧಿಕಾರಿಗಳ ಮುದ್ರೆಯನ್ನು ಪಡೆದು ಬಂದುದು. ಇಷ್ಟು ಮಾತ್ರ ನಿಸ್ಸಂದೇಹವಾಗಿ ಒಂದು ಮಾರ್ಗದ ಸಾಕ್ಷ್ಯ.

ಇದೇ ಶಾಸನದ ಕೊನೆಗೆ ಬರುವ ೨೫೬ ಎಂಬ ಸಂಖ್ಯೆ ಬಹುಕಾಲ ವಿದ್ವಾಂಸರನ್ನು ಕಾಡಿತು. ಬುದ್ಧನ ಪರಿನಿರ್ವಾಣವಾಗಿ ೨೫೬ ವರ್ಷಗಳು ಕಳೆದುವೆಂಬುದು ಇದರ ಅರ್ಥವೆಂದು ಬ್ಯೂಲರ್ ಅವರು ಅಭಿಪ್ರಾಯಪಟ್ಟಿದ್ದರು. ಸಹಸ್ರಾಮದ ಪ್ರತಿಯಲ್ಲಿ ರಾತ್ರಿಗಳ ಮಾತು ಬರುವುದರಿಂದ, ಇದು ರಾಜನು ಪ್ರವಾಸದಲ್ಲಿ ಕಳೆದ ೨೫೬ ರಾತ್ರಿಗಳ ಲೆಕ್ಕವೆಂಬ ಅರ್ಥವೇ ಈಗ ಹೆಚ್ಚಾಗಿ ಮನ್ನಣೆ ಪಡೆದಿದೆ. ಹಾಗಾದರೆ ಬ್ರಹ್ಮಗಿರಿಯ ಬಂಡೆಯಲ್ಲಿ ಎರಡು ಪ್ರಯಾಣಗಳು ಒಂದರೊಳಗೊಂದು ಅಡಗಿವೆ: ಘೋಷಣೆಯನ್ನು ಹೊರಡಿಸಿದ ದೊರೆಯ ಪ್ರಯಾಣ ಒಂದು, ಅದನ್ನು ಹೊತ್ತುತಂದ ದೂತನ ಪ್ರಯಾಣ ಇನ್ನೊಂದು. ಎರಡನ್ನೂ ಬೆರೆಸಿ, ದೊರೆಯೇ ಬ್ರಹ್ಮಗಿರಿಗೆ ಬಂದಿದ್ದನೆಂದು ಹೇಳುವ ಜನಪ್ರಿಯ ಬರಹಗಳಿಗೆ ಶಾಸನದಲ್ಲಿ ಆಧಾರವಿಲ್ಲ.

ಮೂರನೆಯ ಪ್ರಯಾಣಿಕನೊಬ್ಬನಿದ್ದಾನೆ. ಶಾಸನವನ್ನು ಬರೆದ ಚಪಡನು ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ಲಿಪಿಕಾರನೆಂಬ ಅರ್ಥದ ಮಾತನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠೀಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿಯು ವಾಯವ್ಯ ಗಡಿಯ ಗಾಂಧಾರಪ್ರದೇಶದ ಲಿಪಿ. ಈತನೇ ಅಲ್ಲಿಂದ ಬಂದವನೋ, ಅಲ್ಲಿಂದ ಬಂದವರಲ್ಲಿ ಕಲಿತವನೋ ಎಂಬುದನ್ನು ಆ ಒಂದು ಮಾತಿನಿಂದ ನಿರ್ಣಯಿಸಲಾಗದು. ಆದರೆ ಮನುಷ್ಯರೂ ವಿದ್ಯೆಯೂ ಸಾಮ್ರಾಜ್ಯದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸಂಚರಿಸುತ್ತಿದ್ದುದಕ್ಕೆ ಇದಕ್ಕಿಂತ ಪ್ರತ್ಯಕ್ಷವಾದ ಪ್ರಮಾಣ ಬೇಕಿಲ್ಲ.

೩

ಇನ್ನು ಮೊದಲನೆಯ ದಾಟು. ಸುವರ್ಣಗಿರಿ ಎಲ್ಲಿತ್ತೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಕನಕಗಿರಿ, ಮಸ್ಕಿ, ಕರ್ನೂಲು ಜಿಲ್ಲೆಯ ಎರ್ರಗುಡಿಗೆ ಸಮೀಪದ ಜೊನ್ನಗಿರಿ ಇವೇ ಮುಖ್ಯವಾಗಿ ಸೂಚಿತವಾಗಿರುವ ಸ್ಥಳಗಳು. ಈ ಚರ್ಚೆಯಲ್ಲಿ ಹೆಸರುಗಳ ಸಾದೃಶ್ಯ, ಚಿನ್ನದ ಗಣಿಗಳ ಸಾಮೀಪ್ಯ, ಶಾಸನಗಳ ಇರವು ಇವನ್ನೆಲ್ಲ ವಿಚಾರಿಸಿರುವಷ್ಟು ಆಸಕ್ತಿಯಿಂದ ನದಿಗಳನ್ನು ವಿಚಾರಿಸಿದಂತೆ ಕಾಣುವುದಿಲ್ಲ. ಕನಕಗಿರಿ ಅಥವಾ ಮಸ್ಕಿಯೇ ಸುವರ್ಣಗಿರಿಯಾಗಿದ್ದರೆ ದೂತನು ತುಂಗಭದ್ರೆಯನ್ನು ದಾಟಲೇಬೇಕು. ಜೊನ್ನಗಿರಿಯಾಗಿದ್ದರೆ ಅದು ತುಂಗಭದ್ರೆಯ ದಕ್ಷಿಣಕ್ಕೇ ಇರುವುದರಿಂದ ಆ ನದಿಯ ಗೊಡವೆಯಿಲ್ಲ. ದಾಟಬೇಕಾದುದು ಹಗರಿಯನ್ನು, ಎಂದರೆ ವೇದಾವತಿಯನ್ನು. ಈ ಎರಡು ನದಿಗಳ ಸ್ವಭಾವವೇ ಬೇರೆ. ಹಗರಿಯು ವರ್ಷದ ಬಹುಭಾಗ ಮರಳಿನ ಹಾಸು; ಎತ್ತಿನ ಗಾಡಿಯೂ ನಡೆದುಹೋಗಬಲ್ಲುದು. ತುಂಗಭದ್ರೆಯು ಮಳೆಗಾಲದಲ್ಲಿ ಬಂಡೆಗಳ ನಡುವೆ ನುಗ್ಗುವಾಗ ಅಂಬಿಗನೂ ಹರಿಗೋಲನ್ನು ದಡಕ್ಕೆ ಕವುಚಿಹಾಕಿ ಕಾಯುತ್ತಾನೆ. ಒಂದು ಹಾದಿಯಲ್ಲಿ ಆಜ್ಞೆಯು ಎಲ್ಲ ಕಾಲದಲ್ಲಿಯೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬರುತ್ತದೆ. ಇನ್ನೊಂದರಲ್ಲಿ ಋತುವಿನ ಅಪ್ಪಣೆಯನ್ನು ಕೇಳಿ ಬರುತ್ತದೆ. ಆಡಳಿತದ ಇತಿಹಾಸವನ್ನು ಬರೆಯುವವರಿಗೆ ಈ ವ್ಯತ್ಯಾಸವು ಸಣ್ಣದಲ್ಲ.

ತುಂಗಭದ್ರೆಯನ್ನು ಮೌರ್ಯರ ಆಜ್ಞೆ ದಾಟಿತ್ತೆಂಬುದರಲ್ಲಿ ಮಾತ್ರ ಸಂದೇಹವಿಲ್ಲ. ನದಿಯ ಉತ್ತರಕ್ಕೆ ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು. ದಕ್ಷಿಣಕ್ಕೆ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೊಳಂ, ಎರ್ರಗುಡಿ, ನಮ್ಮ ಮೂರು ಶಾಸನಗಳು. ಹೀಗೆ ಎರಡು ದಡಗಳಲ್ಲಿಯೂ ಬಂಡೆಗಳು ಮಾತನಾಡುತ್ತವೆ. ನಡುವಿನ ನೀರು ಮಾತನಾಡುವುದಿಲ್ಲ. ದಾಟುವ ಬಗೆಯನ್ನು ಕುರಿತ ಸ್ಪಷ್ಟವಾದ ವರ್ಣನೆಗಾಗಿ ನಾವು ಸುಮಾರು ಹದಿನೆಂಟು ಶತಮಾನಗಳ ಈಚೆಗೆ ಬರಬೇಕು. ೧೫೨೦ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಹರಿಗೋಲುಗಳನ್ನು ವರ್ಣಿಸಿದ್ದಾನೆ: ಬುಟ್ಟಿಯಂತೆ ದುಂಡಗೆ ಬೆತ್ತದಿಂದ ಹೆಣೆದು ಹೊರಗೆ ತೊಗಲು ಹೊದಿಸಿದ ಈ ದೋಣಿಗಳು ಹದಿನೈದು ಇಪ್ಪತ್ತು ಜನರನ್ನು ಹೊರುತ್ತಿದ್ದುವು, ಅಗತ್ಯ ಬಿದ್ದರೆ ಕುದುರೆ, ಎತ್ತುಗಳನ್ನೂ ಸಾಗಿಸುತ್ತಿದ್ದುವು, ಆದರೆ ಬಹುಮಟ್ಟಿಗೆ ಆ ಪ್ರಾಣಿಗಳು ಈಜಿಯೇ ದಾಟುತ್ತಿದ್ದುವು. ಮೌರ್ಯರ ಕಾಲದಲ್ಲಿಯೂ ಹೀಗೆಯೇ ಇತ್ತೆಂದು ಇದರಿಂದ ಸಾಧಿಸಲು ನಾನು ಹೊರಟಿಲ್ಲ. ನದಿಯನ್ನು ದಾಟುವ ಪ್ರಶ್ನೆಯಲ್ಲಿ ಮನುಷ್ಯನದು ಒಂದು ಭಾಗ, ಅವನ ವಾಹನದ್ದು ಇನ್ನೊಂದು ಭಾಗ ಎಂಬುದನ್ನು ಪಾಯೆಸನು ಗಮನಿಸಿದನು. ನಮ್ಮ ಚರಿತ್ರಕಾರರು ಗಮನಿಸಲಿಲ್ಲ. ಈ ಮಾತಿಗೆ ಮುಂದೆ ಮರಳಿ ಬರಬೇಕಾಗುತ್ತದೆ.

೪

ಎರಡನೆಯ ದಾಟು ಸಮುದ್ರದ್ದು. ಅಶೋಕನ ಎರಡನೆಯ ಮತ್ತು ಹದಿಮೂರನೆಯ ಶಿಲಾಶಾಸನಗಳು ಚೋಳ, ಪಾಂಡ್ಯರ ಹೆಸರುಗಳೊಡನೆ ತಾಮ್ರಪರ್ಣಿಯನ್ನೂ ಹೇಳುತ್ತವೆ. ತಾಮ್ರಪರ್ಣಿಯೆಂದರೆ ತಿರುನೆಲ್ವೇಲಿಯ ನದಿಯೆಂದು ಕೆಲವರೂ, ಸಿಂಹಳದ್ವೀಪವೆಂದು ಬಹುಮಂದಿಯೂ ಅರ್ಥಮಾಡಿದ್ದಾರೆ. ದ್ವೀಪವೆಂಬುದನ್ನೇ ಒಪ್ಪಿದರೂ ಶಾಸನವು ಕೊಡುವುದು ನಾಡುಗಳ ಪಟ್ಟಿಯನ್ನೇ ಹೊರತು ಹಾದಿಯನ್ನಲ್ಲ. ದಾರಿಗಳಲ್ಲಿ ಬಾವಿಗಳನ್ನು ತೋಡಿಸಿ ಮರಗಳನ್ನು ನೆಡಿಸಿದ ಮಾತು ಎರಡನೆಯ ಶಾಸನದಲ್ಲಿದೆ. ಯಾವ ದಾರಿಗಳೆಂದು ಇಲ್ಲ.

ಹಾದಿಯನ್ನು ಹೇಳುವುದು ಸಿಂಹಳದ ವೃತ್ತಾಂತಗ್ರಂಥವಾದ ಮಹಾವಂಸ. ನಮ್ಮ ನಕ್ಷೆಯ ಕೆಂಪುಗೆರೆಯನ್ನು ಅಳಿಸಿಹಾಕುವುದೂ ಅದೇ. ಮೂರನೆಯ ಸಂಗೀತಿಯ ಅನಂತರ ಥೇರ ಮಹಾದೇವನನ್ನು ಮಹಿಷಮಂಡಲಕ್ಕೂ ರಕ್ಖಿತನನ್ನು ವನವಾಸಕ್ಕೂ ಮಹಿಂದನನ್ನು ಲಂಕೆಗೂ ಕಳುಹಿಸಲಾಯಿತೆಂದು ಅದು ಹೇಳುತ್ತದೆ. ಮಹಿಷಮಂಡಲವನ್ನು ಮೈಸೂರು ಸೀಮೆಯೆಂದು ಹಲವರು ಗುರುತಿಸಿದರೆ, ನರ್ಮದೆಯ ದಡದ ಮಾಹಿಷ್ಮತಿಯ ಪ್ರದೇಶವೆಂದು ಬೇರೆ ಕೆಲವರು ವಾದಿಸಿದ್ದಾರೆ. ಮೈಸೂರೆಂದೇ ಇಟ್ಟುಕೊಂಡರೂ ಮಹಾದೇವನು ಬಂದುದು ಒಂದು ದಿಕ್ಕಿಗೆ, ಮಹಿಂದನು ಹೋದುದು ಬೇರೊಂದು ದಿಕ್ಕಿಗೆ. ಒಬ್ಬನ ಹಾದಿಯ ಕೊನೆಗೆ ಇನ್ನೊಬ್ಬನ ಹಾದಿಯ ಮೊದಲನ್ನು ಗಂಟುಹಾಕಲು ಗ್ರಂಥದಲ್ಲಿ ಎಳೆಯಿಲ್ಲ.

ಅಷ್ಟೇ ಅಲ್ಲದೆ, ಮಹಿಂದನು ವೇದಿಸದಿಂದ, ಎಂದರೆ ವಿದಿಶೆಯಿಂದ, ಆಕಾಶಮಾರ್ಗವಾಗಿ ಹಾರಿ ಲಂಕೆಯ ಮಿಸ್ಸಕಪರ್ವತದ ಮೇಲೆ ಇಳಿದನೆಂದು ಮಹಾವಂಸದ ಕಥನ. ಭಕ್ತಿಗೆ ಇದು ಸಹಜವಾದ ಅಲಂಕಾರ. ವಿಮರ್ಶಕನಿಗೆ ಇದರಲ್ಲಿ ಬೇರೊಂದು ಸೂಚನೆಯಿದೆ: ವೃತ್ತಾಂತಕಾರನಿಗೆ ಈ ಪ್ರಯಾಣದ ನೆಲದ ಹಾದಿಯಾಗಲಿ ಸಮುದ್ರದ ದಾಟಾಗಲಿ ಬೇಕಾಗಿರಲಿಲ್ಲ. ಅವನು ಹಾರಿಸಿಬಿಟ್ಟ ಎಡೆಯನ್ನೇ ನಾವು ಕೆಂಪು ಮಸಿಯಲ್ಲಿ ತುಂಬಿದ್ದೇವೆ.

ಸಮುದ್ರವನ್ನು ನಿಜವಾಗಿ ದಾಟುವ ಪ್ರಯಾಣಿಕರು ಮಹಾವಂಸದಲ್ಲಿ ಬೇರೆ ಇದ್ದಾರೆ. ದೇವಾನಂಪಿಯತಿಸ್ಸನ ರಾಯಭಾರಿಗಳು ದ್ವೀಪದ ಉತ್ತರ ತೀರದ ಜಂಬುಕೋಲ ರೇವಿನಲ್ಲಿ ಹಡಗನ್ನೇರಿ ಏಳು ದಿನಗಳಲ್ಲಿ ಭಾರತದ ರೇವನ್ನೂ, ಅಲ್ಲಿಂದ ಮತ್ತೆ ಏಳು ದಿನಗಳಲ್ಲಿ ಪಾಟಲಿಪುತ್ರವನ್ನೂ ಸೇರಿದರು. ಅಲ್ಲಿ ಐದು ತಿಂಗಳು ಇದ್ದು, ಗಂಗೆಯ ಮುಖದ ತಾಮ್ರಲಿಪ್ತಿಯಿಂದ ಹೊರಟು ಹನ್ನೆರಡು ದಿನಗಳಲ್ಲಿ ಜಂಬುಕೋಲಕ್ಕೆ ಮರಳಿದರು. ಸಂಘಮಿತ್ತೆಯು ಬೋಧಿವೃಕ್ಷದ ಶಾಖೆಯೊಡನೆ ಹೋದುದೂ ಗಂಗೆ ಮತ್ತು ತಾಮ್ರಲಿಪ್ತಿಯ ಮಾರ್ಗವಾಗಿಯೇ. ಇಲ್ಲಿನ ದಿನಗಳ ಎಣಿಕೆಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಪಾಟಲಿಪುತ್ರಕ್ಕೂ ಲಂಕೆಗೂ ನಡುವಣ ರಾಜಮಾರ್ಗವನ್ನು ವೃತ್ತಾಂತಕಾರನು ಪೂರ್ವಸಮುದ್ರದ ಮೇಲೆ ಕಂಡಿದ್ದನೇ ಹೊರತು ದಖನ್ ಪ್ರಸ್ಥಭೂಮಿಯ ಮೇಲಲ್ಲ. ಆ ಮಾರ್ಗದಲ್ಲಿ ಸುವರ್ಣಗಿರಿಯೂ ಇಲ್ಲ, ಇಸಿಲವೂ ಇಲ್ಲ.

೫

ಕೆಂಪುಗೆರೆಯ ಪರವಾಗಿ ಒಂದು ಬಲವಾದ ವಾದವನ್ನು ಹೂಡಬಹುದು. ಅದು ಮಡಕೆಯ ಚೂರುಗಳ ವಾದ. ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರು ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನದಲ್ಲಿ ಶಿಲಾಕುಠಾರ ಸಂಸ್ಕೃತಿ, ಬೃಹತ್ ಶಿಲಾಸಂಸ್ಕೃತಿ, ಆಂಧ್ರ ಸಂಸ್ಕೃತಿ ಎಂಬ ಮೂರು ಸ್ತರಗಳನ್ನು ಗುರುತಿಸಿದರು. ಮೇಲಣ ಸ್ತರದಲ್ಲಿ ದೊರೆತ, ಒಳಗೆ ಚುಕ್ಕಿಗೆರೆಗಳ ಸುತ್ತುಗಳುಳ್ಳ ನಯವಾದ ತಟ್ಟೆಗಳು ಅವರು ೧೯೪೫ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಕಂಡವುಗಳ ಜಾತಿಯವೇ. ಇದೇ ಜಾತಿಯ ಪಾತ್ರೆಗಳು ಅನುರಾಧಪುರದಲ್ಲಿಯೂ ಸಿಕ್ಕಿವೆ. ಎಂದಮೇಲೆ ಬ್ರಹ್ಮಗಿರಿ, ಕಡಲತೀರ, ಅನುರಾಧಪುರ ಈ ಮೂರೂ ಒಂದೇ ಹಾದಿಯ ನಿಲ್ದಾಣಗಳಲ್ಲವೆ?

ವೀಲರ್ ಅವರ ಕೆಲಸದ ಶಿಸ್ತನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅವರ ಕಾಲನಿರ್ಣಯವು ಬಹುಮಟ್ಟಿಗೆ ಅರಿಕಮೇಡಿನ ರೋಮನ್ ವಸ್ತುಗಳ ಮೇಲೆ ನಿಂತಿತ್ತು. ಮುಂದೆ ವಿಮಲಾ ಬೆಗ್ಲೆ ಅವರು ಅರಿಕಮೇಡನ್ನು ಮತ್ತೆ ಪರಿಶೀಲಿಸಿದ ಮೇಲೆ ಆ ಪಾತ್ರೆಗಳು ರೋಮನ್ ವ್ಯಾಪಾರಕ್ಕಿಂತ ಹಿಂದಿನವೆಂದೂ, ಅವುಗಳ ತಯಾರಿಕೆ ಭಾರತದಲ್ಲಿಯೇ ಆದುದೆಂದೂ ಸ್ಪಷ್ಟವಾಯಿತು. ಬ್ರಹ್ಮಗಿರಿಯ ಶಿಲಾಕುಠಾರ ಸಂಸ್ಕೃತಿಯೂ ವೀಲರ್ ಅವರು ಎಣಿಸಿದುದಕ್ಕಿಂತ ಬಹಳ ಪ್ರಾಚೀನವಾದ ಪರಂಪರೆಗೆ ಸೇರಿದುದೆಂದು ರೇಡಿಯೋ ಕಾರ್ಬನ್ ಪರೀಕ್ಷೆಗಳು ತೋರಿಸಿವೆ. ಕಾಲವನ್ನು ಹೀಗೆ ತಿದ್ದಿಕೊಂಡ ಮೇಲೆಯೂ ತಟ್ಟೆಯು ತಾನು ಬಂದ ದಾರಿಯನ್ನು ಹೇಳುವುದಿಲ್ಲ. ಸರಕು ಕೈಯಿಂದ ಕೈಗೆ, ಸಂತೆಯಿಂದ ಸಂತೆಗೆ ಹೋಗುತ್ತದೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿತೆಂದು ರೋಮಿನವನೊಬ್ಬನು ಚಂದ್ರವಳ್ಳಿಗೆ ಬಂದನೆಂದು ಯಾರೂ ಹೇಳುವುದಿಲ್ಲ. ತಟ್ಟೆಯ ವಿಷಯದಲ್ಲಿಯೂ ಅಷ್ಟೇ ಎಚ್ಚರ ಅಗತ್ಯ.

ಇನ್ನೊಂದು ಬಗೆಯ ಪ್ರಮಾಣವೂ ಇದೆ. ಜಟಿಂಗರಾಮೇಶ್ವರದ ಬೆಟ್ಟದ ಮೇಲೆಯೇ ಜಟಾಯುವು ಬಿದ್ದನೆಂಬುದು ಈ ಸೀಮೆಯ ಜನರ ನಂಬಿಕೆ. ದಕ್ಷಿಣದ ಸೇತುತೀರದಲ್ಲಿಯೂ ರಾಮೇಶ್ವರ, ಇಲ್ಲಿಯೂ ರಾಮೇಶ್ವರ. ಈ ನಂಬಿಕೆಯನ್ನು ಮಾರ್ಗದ ದಾಖಲೆಯಾಗಿ ಬಳಸುವುದು ಚರಿತ್ರೆಗೂ ನಂಬಿಕೆಗೂ ಅನ್ಯಾಯ. ಆದರೆ ಲಂಕೆಯ ಹಾದಿ ತಮ್ಮ ಊರ ಬೆಟ್ಟದ ಮೇಲೆ ಹಾದುಹೋಯಿತೆಂದು ಜನರು ಭಾವಿಸಿಕೊಂಡು ಬಂದಿದ್ದಾರೆ ಎಂಬುದೂ ಚರಿತ್ರೆಯ ಸಂಗತಿಯೇ. ನಾವು ಕರಿಹಲಗೆಯ ಮೇಲೆ ಎಳೆದ ಗೆರೆಯು ಆ ಭಾವನೆಯದೇ ಹೊಸ ರೂಪವಿರಬಹುದೆ ಎಂದು ನನಗೆ ಶಂಕೆಯಿದೆ. ಅದೇ ಬೆಟ್ಟದ ಶಾಸನವಿರುವ ಬಂಡೆಗೆ ‘ಬಳೆಗಾರಗುಂಡು’ ಎಂದು ಹೆಸರು. ಜಾತ್ರೆಗೆ ಬಂದ ಬಳೆಗಾರರು ಅದರ ಮೇಲೆ ಅಂಗಡಿ ಹೂಡುತ್ತಿದ್ದುದರಿಂದ ಈ ಹೆಸರು ಬಂದಿತೆನ್ನುತ್ತಾರೆ. ಮಾರ್ಗದ ಚರಿತ್ರೆಯನ್ನು ಬರೆಯುವವರು ದೊರೆ, ದೂತರೊಡನೆ ಈ ಬಳೆಗಾರರನ್ನೂ ನೆನೆಯುವುದು ಒಳ್ಳೆಯದು. ವರ್ಷವರ್ಷವೂ ನಿಜವಾಗಿ ಈ ಹಾದಿಯನ್ನು ತುಳಿದವರು ಅವರು.

೬

ಇಷ್ಟನ್ನು ವಿಚಾರಿಸಿ ವಿದ್ಯಾರ್ಥಿಗಳ ಯೋಜನೆಗೆ ಮರಳಿದಾಗ, ಈಗಿನ ದಾಟೂ ಅದೇ ಪಾಠವನ್ನು ಹೇಳಿತು. ನಕ್ಷೆಯ ಗೆರೆ ರಾಮೇಶ್ವರದಿಂದ ನೆಗೆದಿತ್ತು. ಒಂದು ಕಾಲದಲ್ಲಿ ಅದು ಸತ್ಯವಾಗಿತ್ತು. ೧೯೧೪ರಲ್ಲಿ ಪಾಂಬನ್ ಸೇತುವೆ ತೆರೆದ ಮೇಲೆ ರೈಲು ಧನುಷ್ಕೋಟಿಯವರೆಗೆ ಹೋಗಿ, ಅಲ್ಲಿಂದ ಉಗಿಹಡಗು ಪ್ರಯಾಣಿಕರನ್ನು ತಲೈಮನ್ನಾರಿಗೆ ಮುಟ್ಟಿಸುತ್ತಿತ್ತು. ೧೯೬೪ರ ಡಿಸೆಂಬರಿನ ಚಂಡಮಾರುತದಲ್ಲಿ ಧನುಷ್ಕೋಟಿ ಹಾಳಾಯಿತು. ಅನಂತರ ರಾಮೇಶ್ವರದಿಂದಲೇ ಹೊರಡುತ್ತಿದ್ದ ಹಡಗೂ ೧೯೮೦ರ ದಶಕದಲ್ಲಿ ಶ್ರೀಲಂಕೆಯ ಅಂತರ್ಯುದ್ಧದ ಕಾರಣ ನಿಂತಿತು. ೨೦೧೧ರಲ್ಲಿ ತೂತುಕುಡಿಯಿಂದ ಕೊಲಂಬೋಗೆ ಆರಂಭವಾದ ಹಡಗು ಅದೇ ವರ್ಷ ನಿಂತುಹೋಯಿತು. ೨೦೨೩ರ ಅಕ್ಟೋಬರ್ ೧೪ರಂದು ನಾಗಪಟ್ಟಿಣದಿಂದ ಜಾಫ್ನಾ ಸೀಮೆಯ ಕಾಂಕೇಶನ್‌ತುರೈಗೆ ಹೊರಟ ಹಡಗು ಕೆಲವೇ ದಿನಗಳಲ್ಲಿ ಈಶಾನ್ಯ ಮಾರುತಕ್ಕೆ ತಲೆಬಾಗಿ ನಿಂತು, ೨೦೨೪ರ ಆಗಸ್ಟಿನಲ್ಲಿ ಪುನಃ ಆರಂಭವಾಯಿತು. ಸುಮಾರು ೧೧೦ ಕಿಲೋಮೀಟರುಗಳ ಈ ದಾಟಿಗೆ ನಾಲ್ಕು ಗಂಟೆಗಳ ಅವಧಿ. ಎದುರು ದಡವು ಮಹಾವಂಸದ ಜಂಬುಕೋಲವನ್ನು ವಿದ್ವಾಂಸರು ಗುರುತಿಸಿರುವ ತೀರಕ್ಕೆ ಸಮೀಪದ್ದೆಂಬುದು ಕುತೂಹಲಕರವಾದ ಸಂಗತಿ.

ಆದರೆ ಇದು ಪ್ರಯಾಣಿಕರ ಹಡಗು; ಮೋಟಾರು ವಾಹನಗಳನ್ನು ಸಾಗಿಸುವುದಿಲ್ಲ. ಚಳ್ಳಕೆರೆ, ಹಿರಿಯೂರು, ಬೆಂಗಳೂರು, ತಿರುಚಿರಾಪಳ್ಳಿ, ತಂಜಾವೂರುಗಳ ಮೂಲಕ ಬಂದ ಬಸ್ಸು ನಾಗಪಟ್ಟಿಣದ ದಡದಲ್ಲಿಯೇ ಉಳಿಯಬೇಕು. ಆಚೆ ದಡದಲ್ಲಿ ಬೇರೆ ವಾಹನವನ್ನು ಗೊತ್ತುಮಾಡಿಕೊಂಡು ಜಾಫ್ನಾ, ಆನೈಯಿರವು, ವವುನಿಯಾ ಮಾರ್ಗವಾಗಿ ಅನುರಾಧಪುರವನ್ನು ಸೇರಬೇಕು. ಪಾಯೆಸನ ಕುದುರೆಗಳಾದರೂ ಈಜಿಕೊಂಡು ದಾಟುತ್ತಿದ್ದುವು. ಒಂದೇ ಬಸ್ಸಿನಲ್ಲಿ ಕುಳಿತು ಬ್ರಹ್ಮಗಿರಿಯಿಂದ ಅನುರಾಧಪುರಕ್ಕೆ ಹೋಗುವ ಅಖಂಡವಾದ ಹಾದಿ ಇಂದೂ ಇಲ್ಲ. ಆದಕಾರಣ ಯೋಜನೆಯನ್ನು ಎರಡು ನೆಲಪ್ರಯಾಣಗಳಾಗಿಯೂ ನಡುವೆ ಒಂದು ಕಾಯುವಿಕೆಯಾಗಿಯೂ ಒಡೆದು ಬರೆಯಬೇಕಾಯಿತು. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ತಿಂಗಳುಗಳನ್ನು ಬಿಟ್ಟೆವು. ಎಲ್ಲರಿಗೂ ಪಾಸ್‌ಪೋರ್ಟು ಆಗುವವರೆಗೆ ದಿನಾಂಕವನ್ನು ಗೊತ್ತುಮಾಡದಿರಲು ತೀರ್ಮಾನಿಸಿದೆವು. ಕಡಲು ಒಪ್ಪದಿದ್ದರೆ ಇರಲೆಂದು ನಾಗಪಟ್ಟಿಣದಲ್ಲಿ ಎರಡು ದಿನಗಳನ್ನು ಖಾಲಿ ಇಟ್ಟೆವು. ‘ಅಶೋಕನ ಹಾದಿ’ ಎಂಬ ಹೆಸರನ್ನು ವಿದ್ಯಾರ್ಥಿಗಳೇ ಹೊಡೆದುಹಾಕಿದರು.

ಇದರಿಂದ ಬ್ರಹ್ಮಗಿರಿಯ ಗೌರವಕ್ಕೆ ಕುಂದು ಬಂದಿತೆಂದು ಕೆಲವರು ಭಾವಿಸಬಹುದು. ನನ್ನ ನಮ್ರವಾದ ಅಭಿಪ್ರಾಯವು ಇದಕ್ಕೆ ವಿರುದ್ಧವಾದುದು. ಇಸಿಲವನ್ನು ಲಂಕೆಯ ಹಾದಿಯಲ್ಲಿ ಒಂದು ತಂಗುದಾಣವೆಂದು ಬಗೆದಾಗ ಅದು ಬೇರೆಲ್ಲಿಗೋ ಹೋಗುವವರು ರಾತ್ರಿ ಕಳೆಯುವ ಊರಾಗುತ್ತದೆ. ಶಾಸನವು ಹೇಳುವುದು ಬೇರೆ. ಆರೋಗ್ಯವನ್ನು ವಿಚಾರಿಸಿ ಬರೆದ ಆ ಓಲೆ ಇಸಿಲದವರಿಗಾಗಿಯೇ ಬರೆದುದು. ದೂತನು ಮುಟ್ಟಬೇಕಾಗಿದ್ದ ಊರು ಅದೇ. ಗಡಿಯವರೂ ಇದನ್ನು ತಿಳಿಯಲಿ ಎಂಬ ಆಶಯ ಶಾಸನದಲ್ಲಿದೆಯಷ್ಟೆ. ಅದನ್ನು ಆಚೆಗೆ ಯಾರು, ಯಾವ ಹಾಯ್ಗಡದಲ್ಲಿ, ಯಾವ ಋತುವಿನಲ್ಲಿ ಕೊಂಡೊಯ್ದರೆಂಬುದನ್ನು ಬಂಡೆ ಹೇಳಿಲ್ಲ. ಅದು ಹೇಳದೆ ಬಿಟ್ಟ ಎಡೆಯನ್ನು ನಕ್ಷೆಯಲ್ಲಿ ಖಾಲಿಯಾಗಿಯೇ ಬಿಡುವುದು ಅಧ್ಯಾಪಕರ ಕರ್ತವ್ಯ. ಈ ವರ್ಷ ನಾನು ಕರಿಹಲಗೆಯ ಮೇಲೆ ಬರೆದ ನಕ್ಷೆಯಲ್ಲಿ ಗೆರೆಯು ಸುವರ್ಣಗಿರಿಯ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆಯೊಡನೆ ಹೊರಟು, ನದಿಯ ಬಳಿ ಒಮ್ಮೆ ಕಡಿದು, ಇಸಿಲದಲ್ಲಿ ನಿಲ್ಲುತ್ತದೆ.